ಮಸಾಜ್ ಅಂದ್ರೆ ಬರೀ ಎಣ್ಣೆ ತಿಕ್ಕೋದಲ್ಲ: ಕೈ ಕಲಿಯಬೇಕಾದ ಪಾಠಗಳಿವೆ

ಭದ್ರಾವತಿಯ ನ್ಯೂ ಟೌನ್ ಕಾರ್ಖಾನೆಯನ್ನು ನಂಬಿ ಬೆಳೆದ ಬಡಾವಣೆ. 1923ರಲ್ಲಿ ಉತ್ಪಾದನೆ ಶುರು ಮಾಡಿದ ಕಬ್ಬಿಣದ ಕಾರ್ಖಾನೆ, ಅಂದರೆ ಇವತ್ತಿನ ವಿಐಎಸ್‌ಎಲ್, ಇಲ್ಲಿನ ಹಲವು ತಲೆಮಾರುಗಳಿಗೆ ಅನ್ನ ಕೊಟ್ಟಿದೆ. ಪಾಳಿ ಕೆಲಸ ಮಾಡಿ ನಿವೃತ್ತರಾದವರಿಗೆ ಸೊಂಟ, ಮಂಡಿ, ಭುಜದ ನೋವು ಹೊಸದೇನಲ್ಲ. ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ಕೇಳೋ ಮಾತು ಒಂದೇ: ‘ಸ್ವಲ್ಪ ಎಣ್ಣೆ ಬಿಸಿ ಮಾಡಿ ಜೋರಾಗಿ ತಿಕ್ಕು, ಸರಿ ಹೋಗುತ್ತೆ.’

ಆ ‘ಜೋರಾಗಿ’ ಅನ್ನೋದರಲ್ಲೇ ತೊಂದರೆ ಇರೋದು. ಮಸಾಜ್ ತೋಳ್ಬಲದ ಕೆಲಸ ಅಂದುಕೊಂಡವರು ಎದುರಿನವರ ಮೈಯನ್ನೂ ನೋಯಿಸುತ್ತಾರೆ, ತಮ್ಮ ಹೆಬ್ಬೆರಳನ್ನೂ ಕೆಡಿಸಿಕೊಳ್ಳುತ್ತಾರೆ.

ಮೂಲ ಪಟ್ಟುಗಳು ಹೆಚ್ಚೇನಿಲ್ಲ. ಯುರೋಪಿನಲ್ಲಿ 19ನೇ ಶತಮಾನದಲ್ಲಿ ಡಚ್ ವೈದ್ಯ ಯೋಹಾನ್ ಮೆಟ್ಸ್‌ಗರ್ ಮತ್ತು ಅವರ ಶಿಷ್ಯರ ಮೂಲಕ ಹರಡಿದ, ಈಗ ಸ್ವೀಡಿಷ್ ಮಸಾಜ್ ಎನ್ನುವ ಪದ್ಧತಿಯಲ್ಲಿ ಇರೋದು ಐದೇ: ನೀವುವುದು, ನಾದುವುದು, ಒಂದೇ ಜಾಗದಲ್ಲಿ ಉಜ್ಜುವುದು, ತಟ್ಟುವುದು, ನಡುಗಿಸುವುದು. ಇವುಗಳಲ್ಲಿ ಹೆಚ್ಚಿನವು ನಮ್ಮ ಅಡುಗೆಮನೆಯ ಕೈಗಳಿಗೆ ಗೊತ್ತಿರುವ ಚಲನೆಗಳೇ. ಚಪಾತಿ ಹಿಟ್ಟು ನಾದುವಾಗ ಅಂಗೈ ಬಳಸುತ್ತೇವೆ, ಬೆರಳ ತುದಿಯಿಂದ ಚುಚ್ಚುವುದಿಲ್ಲ. ಸ್ನಾಯುವಿಗೂ ಅದೇ ನಿಯಮ.

ಕ್ರಮವೂ ಮುಖ್ಯ. ಮೊದಲು ಹಗುರವಾಗಿ, ಉದ್ದಕ್ಕೆ ನೀವಬೇಕು. ಆಗ ಎಣ್ಣೆ ಹರಡುತ್ತದೆ, ಎಲ್ಲಿ ಬಿಗಿ ಇದೆ ಅಂತ ಕೈಗೆ ತಿಳಿಯುತ್ತದೆ. ಆಮೇಲೆ ನಾದುವುದು, ಬಿಗಿಯಿರುವ ಜಾಗಕ್ಕೆ ಮಾತ್ರ ಆಳದ ಒತ್ತಡ, ಕೊನೆಗೆ ಮತ್ತೆ ಹಗುರ. ಆಯುರ್ವೇದದ ಅಭ್ಯಂಗದಲ್ಲಿ ಕೈಕಾಲುಗಳ ಮೇಲೆ ಉದ್ದ ಎಳೆತ, ಸಂಧಿಗಳ ಮೇಲೆ ದುಂಡಗೆ ತಿರುಗಿಸುವುದು ರೂಢಿ. ಬೆನ್ನಿನ ಸ್ನಾಯುಗಳನ್ನು ಒತ್ತಬಹುದು, ಬೆನ್ನುಮೂಳೆಯ ಮೇಲೆ ನೇರವಾಗಿ ಒತ್ತಬಾರದು.

ಬಲ ಬರಬೇಕಾದದ್ದು ತೋಳಿನಿಂದಲ್ಲ, ನಿಲುವಿನಿಂದ. ಒಂದು ಕಾಲು ಮುಂದಿಟ್ಟು, ಬೆನ್ನು ನೇರವಾಗಿಟ್ಟು, ಮೈಭಾರವನ್ನು ನಿಧಾನ ಮುಂದಕ್ಕೆ ಬಿಟ್ಟರೆ ಒತ್ತಡ ತಾನಾಗಿ ಬರುತ್ತದೆ. ಮಂಚ ತೀರಾ ತಗ್ಗಾಗಿದ್ದರೆ ಮಾಡುವವರ ಸೊಂಟ ಹೋಗುತ್ತದೆ. ಒತ್ತಡ ಎಷ್ಟು ಅಂತ ಊಹಿಸೋದು ಬೇಡ, ಕೇಳಿ. ‘ಹತ್ತರಲ್ಲಿ ಎಷ್ಟು ನೋವು?’ ಅಂದಾಗ ಐದು ದಾಟಿದರೆ ಕೈ ಸಡಿಲಿಸಿ. ಮಲಗಿದವರು ಉಸಿರು ಬಿಗಿಹಿಡಿದರೂ ಅದೇ ಅರ್ಥ.

ಬೆರಳಿನ ಸೂಕ್ಷ್ಮತೆಗೆ ಹಳೆಯದೊಂದು ಅಭ್ಯಾಸವಿದೆ. ಒಂದು ತಲೆಕೂದಲನ್ನು ಕಾಗದದ ಕೆಳಗಿಟ್ಟು, ಕಣ್ಣು ಮುಚ್ಚಿ ಹುಡುಕಿ. ಸಿಕ್ಕಿದರೆ ಇನ್ನೊಂದು ಹಾಳೆ ಸೇರಿಸಿ, ಮತ್ತೆ ಇನ್ನೊಂದು. ಒತ್ತಿದಷ್ಟೂ ಕೂದಲು ಸಿಗೋದಿಲ್ಲ, ಹಗುರ ಮಾಡಿದಾಗಲೇ ತಿಳಿಯುತ್ತದೆ. ಮಸಾಜ್‌ನ ಅರ್ಧ ಪಾಠ ಇದರಲ್ಲೇ ಇದೆ.

ಇನ್ನರ್ಧ ಪಾಠ, ಯಾವಾಗ ಮುಟ್ಟಬಾರದು ಅನ್ನೋದು. ಅಷ್ಟಾಂಗಹೃದಯ ದಿನವೂ ಅಭ್ಯಂಗ ಮಾಡಿ, ಅದರಲ್ಲೂ ತಲೆ, ಕಿವಿ, ಪಾದಕ್ಕೆ ಎನ್ನುತ್ತದೆ. ಅಜೀರ್ಣವಿದ್ದಾಗ ಬೇಡ ಅಂತಲೂ ಅದೇ ಗ್ರಂಥ ಹೇಳುತ್ತದೆ. ಇವತ್ತಿನ ವೈದ್ಯಕೀಯ ಈ ಪಟ್ಟಿಯನ್ನು ಬೆಳೆಸಿದೆ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ತಿಕ್ಕಲೇಬೇಡಿ. ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು, ಅದು ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಆಪರೇಷನ್ ಆಗಿ ಬಹಳ ದಿನ ಮಲಗಿದ್ದವರಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಜ್ವರ, ಚರ್ಮದ ಸೋಂಕು, ಮೂಳೆ ಮುರಿತ ಇದ್ದಾಗ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳೋರಿಗೆ, ಮೂಳೆ ಸವೆದವರಿಗೆ ಆಳದ ಒತ್ತಡ ಬೇಡ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ನೋವೇ ಗೊತ್ತಾಗೋದಿಲ್ಲ, ಅವರನ್ನು ‘ಎಷ್ಟು ನೋವು’ ಅಂತ ಕೇಳಿ ಪ್ರಯೋಜನವಿಲ್ಲ. ಹಸುಗೂಸಿನ ಕಿವಿ, ಮೂಗಿಗೆ ಎಣ್ಣೆ ಬಿಡೋದನ್ನೂ ಮಕ್ಕಳ ವೈದ್ಯರು ಒಪ್ಪುವುದಿಲ್ಲ.

ಲಾಭದ ಬಗ್ಗೆಯೂ ಅಳತೆ ಮೀರಿ ಮಾತಾಡಬಾರದು. ಸೊಂಟನೋವಿಗೆ ಮಸಾಜ್ ಕುರಿತ ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2015ರ ಕೊಕ್ರೇನ್ ವರದಿ, ಸ್ವಲ್ಪ ಕಾಲ ನೋವು ಕಡಿಮೆಯಾಗಬಹುದು, ಆದರೆ ಪುರಾವೆ ಗಟ್ಟಿಯಿಲ್ಲ ಎಂದಿತು. ಆರಾಮ ಸಿಗುತ್ತದೆ ಅನ್ನೋಣ, ಸವೆದ ಮಂಡಿ ಹೊಸದಾಗುತ್ತದೆ ಅನ್ನೋದು ಬೇಡ.

ಇಷ್ಟೆಲ್ಲ ಯಾಕೆ ಹೇಳಬೇಕು ಅಂದರೆ, ಇದು ಈಗ ಉದ್ಯೋಗವೂ ಹೌದು. ಕಾರ್ಖಾನೆ ಕೆಲಸವನ್ನೇ ನಂಬಲಾಗದ ಊರಿನ ಹುಡುಗ ಹುಡುಗಿಯರಿಗೆ ಸ್ಪಾ, ಪಂಚಕರ್ಮ ಕೇಂದ್ರದ ಕೆಲಸ ಒಂದು ದಾರಿ. ಉಜಿರೆಯ ಎಸ್‌ಡಿಎಂ ಕಾಲೇಜು 1989ರಲ್ಲಿ ಶುರು ಮಾಡಿದ ಬಿಎನ್‌ವೈಎಸ್ ಪದವಿಯಲ್ಲಿ ಮಸಾಜ್ ಪಠ್ಯದ ಭಾಗ, ಆ ಓದಿಗೆ ಐದೂವರೆ ವರ್ಷ ಬೇಕು. ಎಲ್ಲರೂ ಅಷ್ಟು ಓದಬೇಕಿಲ್ಲ. ಆದರೆ ವಿಡಿಯೋ ನೋಡಿಸಿ, ನಾಲ್ಕು ದಿನಕ್ಕೆ ಸರ್ಟಿಫಿಕೇಟ್ ಕೊಡುವ ಕಡೆ ದುಡ್ಡು ಕಟ್ಟುವ ಮುಂಚೆ ಮೂರು ಪ್ರಶ್ನೆ ಕೇಳಿ. ಗುರುವಿನ ಎದುರು ಎಷ್ಟು ಗಂಟೆ ಕೈಯಿಟ್ಟು ಮಾಡಿಸುತ್ತೀರಿ? ಗುರು ತಾನೇ ಮಲಗಿ ನನ್ನ ಒತ್ತಡ ತಿದ್ದುತ್ತಾರಾ? ಯಾರನ್ನು ಮುಟ್ಟದೆ ವೈದ್ಯರ ಹತ್ತಿರ ಕಳಿಸಬೇಕು ಅಂತ ಕಲಿಸುತ್ತೀರಾ? ಮೂರನೆಯದಕ್ಕೆ ಉತ್ತರ ಇಲ್ಲದಿದ್ದರೆ ಎದ್ದು ಬನ್ನಿ.