ಕ್ಲಿಂಗಾನ್: ಕಲ್ಪಿತ ಜನಾಂಗದ ನುಡಿ

ಕಲ್ಪಿತ ಜನಾಂಗವೊಂದರ ಬಾಯಲ್ಲಿ ಆಡಿಸುವುದಕ್ಕಾಗಿಯೇ ಬುದ್ಧಿಪೂರ್ವಕವಾಗಿ ರಚಿಸಿದ ನುಡಿಯನ್ನು ನಿರ್ಮಿತ ಭಾಷೆ ಎನ್ನಬಹುದು. ಅಮೆರಿಕದ ‘ಸ್ಟಾರ್ ಟ್ರೆಕ್’ ಚಿತ್ರಗಳಲ್ಲಿ ಬರುವ ಯುದ್ಧಪ್ರಿಯ ಅನ್ಯಗ್ರಹವಾಸಿಗಳ ಕ್ಲಿಂಗಾನ್ ಇದಕ್ಕೆ ಪ್ರಸಿದ್ಧ ನಿದರ್ಶನ. 1979ರ ಚಿತ್ರದಲ್ಲಿ ನಟ ಜೇಮ್ಸ್ ಡೂಹನ್ ಹೊಂದಿಸಿಕೊಟ್ಟ ಕೆಲವೇ ಮಾತುಗಳಷ್ಟಿದ್ದ ಈ ನುಡಿಗೆ, 1984ರ ಚಿತ್ರಕ್ಕಾಗಿ ವ್ಯಾಕರಣವನ್ನೂ ಶಬ್ದಸಂಪತ್ತನ್ನೂ ಕಟ್ಟಿಕೊಟ್ಟವರು, ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ಮುಟ್ಸನ್ ಭಾಷೆಯ ವ್ಯಾಕರಣ ಕುರಿತು ಸಂಶೋಧನೆ ಮಾಡಿದ್ದ ಭಾಷಾವಿಜ್ಞಾನಿ ಮಾರ್ಕ್ ಒಕ್ರಾಂಡ್.

ನುಡಿ ಅನ್ಯಲೋಕದ್ದೆನಿಸಬೇಕು, ಆದರೂ ನಟರ ನಾಲಿಗೆಗೆ ಎಟುಕಬೇಕು ಎಂಬ ಇಕ್ಕಟ್ಟಿನಲ್ಲಿ ಒಕ್ರಾಂಡ್ ಹೊಸ ಧ್ವನಿಗಳನ್ನು ಹುಟ್ಟಿಸಲಿಲ್ಲ. ಮನುಷ್ಯಭಾಷೆಗಳಲ್ಲಿರುವ, ಆದರೆ ಸಾಮಾನ್ಯವಾಗಿ ಒಂದೇ ಕಡೆ ಕೂಡಿಬರದ ಧ್ವನಿಗಳನ್ನು ಆರಿಸಿಕೊಂಡರು. ನಾಲಿಗೆಯ ತುದಿಯನ್ನು ಮೇಲಕ್ಕೆ ಮಡಿಚಿ ಉಚ್ಚರಿಸುವ, ಅಂದರೆ ಮೂರ್ಧನ್ಯವಾದ ‘ಡ’ಕಾರ ಅದರಲ್ಲಿದ್ದರೂ ಅದರ ಜೋಡಿಯಾದ ಮೂರ್ಧನ್ಯ ‘ಟ’ಕಾರವಿಲ್ಲ, ಎರಡನ್ನೂ ಒಂದೇ ವರ್ಗದಲ್ಲಿ ಕಲಿತ ಕನ್ನಡಿಗರಿಗೆ ಈ ಕೊರತೆ ಬೇಗ ಹೊಳೆದೀತು. ವಾಕ್ಯದಲ್ಲಿ ಕರ್ಮಪದ ಮೊದಲು, ಕ್ರಿಯಾಪದ ನಡುವೆ, ಕರ್ತೃಪದ ಕೊನೆಗೆ ಬರುತ್ತದೆ; ‘ರಾಮ ಹಣ್ಣನ್ನು ತಿಂದ’ ಎಂಬುದು ಅಲ್ಲಿ ‘ಹಣ್ಣನ್ನು ತಿಂದ ರಾಮ’ ಎಂಬ ಕ್ರಮ ಪಡೆಯುತ್ತದೆ. ಇದೇ ಮೂಲಕ್ರಮವಾಗಿರುವ ಭಾಷೆಗಳು ಲೋಕದಲ್ಲಿ ತೀರ ವಿರಳ.

ಇಂಗ್ಲಿಷಿನ ‘ಟು ಬಿ’ ಕ್ರಿಯಾಪದಕ್ಕೆ ಸಮನಾದುದೂ ಕ್ಲಿಂಗಾನ್‌ನಲ್ಲಿಲ್ಲ (‘ಅವನು ವೈದ್ಯ’ ಎಂದು ಮುಗಿಸುವ ಕನ್ನಡಕ್ಕೆ ಇದೇನೂ ವಿಚಿತ್ರವಲ್ಲ). ಹೀಗಾಗಿ 1991ರ ಚಿತ್ರದಲ್ಲಿ ಹ್ಯಾಮ್ಲೆಟ್‌ನ ಪ್ರಸಿದ್ಧ ಸ್ವಗತದ ‘ಟು ಬಿ ಆರ್ ನಾಟ್ ಟು ಬಿ’ ಎಂಬ ಮೊದಲ ಮಾತನ್ನು ಕ್ಲಿಂಗಾನ್‌ನಲ್ಲಿ ಹೇಳಿಸಬೇಕಾದಾಗ, ‘ಮುಂದುವರಿ’ ಎಂಬರ್ಥದ ಕ್ರಿಯಾಪದದ ಮೊರೆಹೋಗಬೇಕಾಯಿತು. ವ್ಯಾಕರಣದ ಇಂಥ ಬಿಗಿಯೇ ಈ ಭಾಷೆಯ ನಿಜವಾದ ಸತ್ತ್ವ. 1985ರಲ್ಲಿ ಅದರ ನಿಘಂಟು ಪ್ರಕಟವಾಯಿತು. ಮುಂದೆ ಅಭಿಮಾನಿಗಳು ಇಡೀ ‘ಹ್ಯಾಮ್ಲೆಟ್’ ನಾಟಕವನ್ನೇ ಕ್ಲಿಂಗಾನ್‌ಗೆ ಅನುವಾದಿಸಿದರು.