ಇರುಳಿನಲ್ಲಿ ಮಿನುಗುವ ಗುರಿ

ರಾಣೇಬೆನ್ನೂರಿನ ಬಯಲಿಗೆ ಇರುಳು ಇಳಿದ ಮಾತ್ರಕ್ಕೆ ರೈತನ ದಿನ ಮುಗಿಯಿತೆಂದು ತಿಳಿಯುವಂತಿಲ್ಲ. ಗೋವಿನಜೋಳದ ತೆನೆ ಹಾಲುಗಟ್ಟುವ ಕಾಲದಲ್ಲಿ ಅವನ ಎರಡನೆಯ ದುಡಿಮೆ ಆಗಲೇ ಆರಂಭವಾಗುತ್ತದೆ. ಹೆಗಲಿಗೆ ಕಂಬಳಿ, ಕೈಯಲ್ಲಿ ಬ್ಯಾಟರಿ; ಪರವಾನಗಿ ಉಳ್ಳವನಾದರೆ ಜೊತೆಗೊಂದು ಬಂದೂಕು. ಅವನು ಕಾಯುವುದು ಕಾಡುಹಂದಿಯನ್ನು. ಆದರೆ ಕತ್ತಲಲ್ಲಿ ಪೈರು ಅಲುಗಿದಾಗ ಅದನ್ನು ಅಲುಗಿಸಿದ್ದು ಹಂದಿಯೋ, ಚಿಗರಿಯೋ, ಹಗ್ಗ ಬಿಚ್ಚಿಕೊಂಡು ಬಂದ ಎತ್ತೋ, ಇಲ್ಲವೆ ರಾತ್ರಿ ಕರೆಂಟು ಬಂದಿತೆಂದು ನೀರು ತಿರುವಲು ಬಂದ ನೆರೆಹೊಲದವನೋ?

ಬ್ಯಾಡಗಿಯ ಕಥೆ ಬೇರೆ. ಅಲ್ಲಿ ಕಾಯಬೇಕಾದದ್ದು ಕೆಂಪು ಬಂಗಾರವೆನಿಸಿದ ಮೆಣಸಿನಕಾಯಿ. ಸುಕ್ಕುಸುಕ್ಕಾದ ಮೈ, ಕಡಿಮೆ ಖಾರ, ಗಾಢವಾದ ಬಣ್ಣ ಇವು ಅದರ ಲಕ್ಷಣ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಸುಗ್ಗಿಯ ಕಾಲದಲ್ಲಿ ಹಣ ಕೈಯಿಂದ ಕೈಗೆ ಹರಿಯುವ ಇಂತಹ ಪೇಟೆಯಲ್ಲಿ, ಇರುಳು ಮನೆಗೆ ಮರಳುವ ವರ್ತಕನಿಗೆ ಪಿಸ್ತೂಲಿನ ಯೋಚನೆ ಬಂದರೆ ಸೋಜಿಗವಿಲ್ಲ. ರೈತನಾಗಲಿ ವರ್ತಕನಾಗಲಿ, ಪರವಾನಗಿಗಾಗಿ ಹೋಗಬೇಕಾದದ್ದು ಹಾವೇರಿಗೆ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಹೊಸ ಜಿಲ್ಲೆಯಾದಂದಿನಿಂದ ಜಿಲ್ಲಾ ದಂಡಾಧಿಕಾರಿಗಳ ಕಚೇರಿ ಇರುವುದು ಅಲ್ಲಿಯೇ.

ಇಬ್ಬರಿಗೂ ಎದುರಾಗುವ ತೊಡಕು ಒಂದೇ: ಕತ್ತಲಲ್ಲಿ ಗುರಿ ಹಿಡಿಯುವುದು ಹೇಗೆ?

ಬೆಳಗುವ ಚುಕ್ಕೆಗಳು

ಹಿಂದಿನ ಬೇಟೆಗಾರರು ಶುಕ್ಲಪಕ್ಷವನ್ನು ನೋಡಿಕೊಂಡು ಹೊರಡುತ್ತಿದ್ದರು. ನಳಿಗೆಯ ತುದಿಯಲ್ಲಿ ಗುರಿಗೆಂದು ಇರುವ ಪುಟ್ಟ ಮಣಿಗೆ ಬಿಳಿಯ ಬಣ್ಣವನ್ನು ಬಳಿಯುವುದೋ, ಅರಳೆಯ ಎಳೆಯನ್ನು ಸುತ್ತುವುದೋ ಉಂಟು. ಬೆಳದಿಂಗಳಿದ್ದರೆ ಇಷ್ಟೇ ಸಾಕು. ಅಮಾವಾಸ್ಯೆಯಲ್ಲಿ ಬಿಳುಪೂ ಕಪ್ಪೇ.

1898ರಲ್ಲಿ ಕ್ಯೂರಿ ದಂಪತಿಗಳು ರೇಡಿಯಂ ಧಾತುವನ್ನು ಕಂಡುಹಿಡಿದ ಮೇಲೆ ತಾನೇ ಬೆಳಗುವ ಬಣ್ಣವೊಂದು ಜಗತ್ತಿಗೆ ದೊರೆಯಿತು. ಗಡಿಯಾರದ ಅಂಕಿಗಳಿಗೆ ಅದನ್ನು ಬಳಿಯುತ್ತ, ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುತ್ತಿದ್ದ ಅಮೆರಿಕದ ಹೆಣ್ಣುಮಕ್ಕಳು 1920ರ ದಶಕದಲ್ಲಿ ದವಡೆಯ ಮೂಳೆ ಕೊಳೆತು ಸತ್ತರು. ಇಂದಿನ ಪಿಸ್ತೂಲುಗಳ ಇರುಳುಗುರಿಯಲ್ಲಿ ರೇಡಿಯಂ ಇಲ್ಲ. ಅಕ್ಕಿಕಾಳಿಗಿಂತ ಸಣ್ಣದಾದ ಗಾಜಿನ ಕೊಳವೆಯಲ್ಲಿ ಟ್ರಿಟಿಯಂ ಎಂಬ ಅನಿಲವನ್ನು ತುಂಬಿ ಮುಚ್ಚಿರುತ್ತಾರೆ. ಅದರ ಕಿರಣಗಳು ಗಾಜಿನ ಒಳಮೈಯ ಲೇಪವನ್ನು ಸದಾ ಬೆಳಗಿಸುತ್ತವೆ. ಟ್ರಿಟಿಯಂ ಸುಮಾರು 12.3 ವರ್ಷಗಳಲ್ಲಿ ಅರ್ಧಕ್ಕೆ ಇಳಿಯುವುದರಿಂದ ಹಳೆಯ ಸರಕು ಮಂಕಾಗಿರುತ್ತದೆ. ಕೊಳ್ಳುವವನು ತಯಾರಾದ ವರ್ಷವನ್ನು ಮೊದಲು ನೋಡಬೇಕು.

ಉಳಿದ ಎರಡು ಬಗೆಗಳ ಗುಣವೂ ತಿಳಿದಿರಬೇಕು. ಬೆಳಕನ್ನು ಕುಡಿದು ಹೊಳೆಯುವ ಬಣ್ಣ ಮೊದಲು ಚೆನ್ನಾಗಿ ಹೊಳೆದು, ನಡುರಾತ್ರಿಯ ಹೊತ್ತಿಗೆ ಬಾಡುತ್ತದೆ. ಹೊಳೆಯುವ ಬಣ್ಣದೆಳೆಯ ಗುರಿ ಹಗಲಿನಲ್ಲಿ ಕಣ್ಣು ಕುಕ್ಕಿದರೂ ಸುತ್ತ ಬೆಳಕಿಲ್ಲದಾಗ ಸತ್ತಂತೆಯೇ. ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಹಸಿರು ಬಣ್ಣ ಹೆಚ್ಚು ಚುರುಕಾಗಿ ಕಾಣುತ್ತದೆ. ಹಿಂದಿನ ಎರಡು ಚುಕ್ಕೆ, ಮುಂದಿನ ಒಂದು ಚುಕ್ಕೆ ಒಂದೇ ತೆರನಾಗಿ ಬೆಳಗಿದರೆ ಗಾಬರಿಯಲ್ಲಿ ಯಾವುದು ಯಾವುದೆಂದು ತಿಳಿಯದು. ಆದುದರಿಂದ ಮುಂದಿನದು ಹೆಚ್ಚು ಪ್ರಕಾಶವುಳ್ಳದ್ದೋ ಬೇರೆ ಬಣ್ಣದ್ದೋ ಆಗಿರುವುದು ಲೇಸು.

ಪಿಸ್ತೂಲಿನಲ್ಲಿ ಇದು ಇನ್ನೂ ಮುಖ್ಯ. ಅದರ ಹಿಂದಿನ ಗುರಿಗೂ ಮುಂದಿನ ಗುರಿಗೂ ಅಂತರ ಸುಮಾರು 15 ಸೆಂಟಿಮೀಟರು. ಅಲ್ಲಿ ಒಂದು ಮಿಲಿಮೀಟರು ತಪ್ಪಿದರೆ 15 ಮೀಟರು ದೂರದಲ್ಲಿ ಗುಂಡು 10 ಸೆಂಟಿಮೀಟರು ಆಚೆ ಬೀಳುತ್ತದೆ. ಆ ಅಂತರ 75 ಸೆಂಟಿಮೀಟರು ಇರುವ ಉದ್ದ ಬಂದೂಕಿನಲ್ಲಿ ಅದೇ ತಪ್ಪಿಗೆ ಬರುವ ವ್ಯತ್ಯಾಸ ಎರಡೇ ಸೆಂಟಿಮೀಟರು.

ಚುಕ್ಕೆ ಹೇಳದಿರುವ ಮಾತು

ಇಷ್ಟೆಲ್ಲ ನೋಡಿ ಕೊಂಡರೂ ಆ ಚುಕ್ಕೆ ತೋರಿಸುವುದು ಆಯುಧವನ್ನು, ಅದರ ಎದುರಿಗಿರುವುದನ್ನಲ್ಲ. ಕೊಂಡವನು ಮರೆಯುವುದು ಇದನ್ನೇ. ನಮ್ಮ ಕಣ್ಣು ಕತ್ತಲಿಗೆ ಪೂರ್ಣವಾಗಿ ಹೊಂದಿಕೊಳ್ಳಲು ಅರ್ಧ ಗಂಟೆಯಷ್ಟು ಕಾಲ ಬೇಕು. ಹೊಂದಿಕೊಂಡ ಮೇಲೂ, ನೇರವಾಗಿ ದಿಟ್ಟಿಸಿ ನೋಡುವ ಅದರ ನಡುಭಾಗವು ಕಗ್ಗತ್ತಲಲ್ಲಿ ಕುರುಡೇ ಸರಿ. ಬಾಗಿದ ಬೆನ್ನೊಂದು ಹಂದಿಯಂತೆ ತೋರುವುದು ಇದರಿಂದಲೇ.

ಬೆಂಗಳೂರಿನಲ್ಲಿ ನೆಲೆಸಿದ್ದ ಪ್ರಸಿದ್ಧ ಬೇಟೆಗಾರ ಕೆನೆತ್ ಆಂಡರ್ಸನ್ (1910–1974) ಇದನ್ನು ಬಲ್ಲವನಾಗಿದ್ದ. ಪೂರ್ಣಚಂದ್ರ ತೇಜಸ್ವಿಯವರ ಮೂಲಕ ಕನ್ನಡಿಗರಿಗೆ ಪರಿಚಿತವಾದ ಅವನ ಕಾಡಿನ ಕಥೆಗಳಲ್ಲಿ ರೈಫಲಿನ ನಳಿಗೆಗೆ ಬಿಗಿದ ಬ್ಯಾಟರಿ ಮತ್ತೆ ಮತ್ತೆ ಬರುತ್ತದೆ. ಮೊದಲು ಬೆಳಕು, ಆಮೇಲೆ ಗುರುತು, ಕೊನೆಗೆ ಗುಂಡು. ಇಂದಿನ ಹೊಲಗಾವಲಿಗೆ ಇನ್ನೂ ಒಂದು ಎಚ್ಚರ ಬೇಕು: ಬಂದೂಕಿಗೆ ಕಟ್ಟಿದ ಬ್ಯಾಟರಿಯಿಂದ ಹುಡುಕುವವನು ನಳಿಗೆಯನ್ನೂ ಕಂಡಕಂಡವರ ಮೇಲೆ ಹರಿಸುತ್ತಾನೆ. ಹುಡುಕಲು ಕೈಬ್ಯಾಟರಿಯೇ ಬೇರೆ ಇರಬೇಕು.

ರಾಣೇಬೆನ್ನೂರಿನಲ್ಲಿ ಗುರುತಿಗೆ ಇನ್ನೊಂದು ಬೆಲೆಯೂ ಉಂಟು. ಇಲ್ಲಿ 1974ರಲ್ಲಿ ಘೋಷಿತವಾದ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯವಿದೆ. ಹೊಲಕ್ಕೂ ಕಾಡಿಗೂ ನಡುವೆ ಗೋಡೆಯಿಲ್ಲ. ಚಿಗರಿಗೆ ಪಹಣಿಯ ಗಡಿ ತಿಳಿಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಯಲ್ಲಿ ಕೃಷ್ಣಮೃಗವೂ ತೋಳವೂ ಸೇರಿವೆ. ಕೊಂದವನಿಗೆ ಮೂರರಿಂದ ಏಳು ವರ್ಷಗಳ ಸೆರೆವಾಸ. ಬೆಳೆ ಹಾಳಾಯಿತೆಂಬ ಕಾರಣ ಅಲ್ಲಿ ನಡೆಯದು. ಕಾಡುಹಂದಿ ಆ ಅನುಸೂಚಿಯಲ್ಲಿಲ್ಲವಾದರೂ ಅದನ್ನು ಹೊಡೆಯಲು ಅಧಿಕೃತ ಅನುಮತಿ ಬೇಕೇ ಬೇಕು.

ಬಂದೂಕಿನ ಪರವಾನಗಿಯೇ ಬೇಟೆಯ ಅನುಮತಿಯೆಂದು ಭಾವಿಸುವವರೂ ಇದ್ದಾರೆ. 1959ರ ಶಸ್ತ್ರಾಸ್ತ್ರ ಕಾಯಿದೆ ಬೆಳೆರಕ್ಷಣೆಗೆ ಹೇಳುವುದು ಬಾಯಿಂದ ಮದ್ದು ತುಂಬುವ ಬಂದೂಕನ್ನು; ಪಿಸ್ತೂಲು ಅದರ ಸಾಧನವಲ್ಲ. ವರ್ತಕನ ಸೊಂಟದ ಪಿಸ್ತೂಲಿಗೂ ಮಿತಿಯುಂಟು. ಯಾರ ಪ್ರಾಣಕ್ಕೂ ಭಯವಿಲ್ಲದ ಬರಿಯ ಕಳವನ್ನು ತಡೆಯಲು ಪ್ರಾಣ ತೆಗೆಯುವ ಹಕ್ಕನ್ನು ನಮ್ಮ ದಂಡಸಂಹಿತೆ ಯಾರಿಗೂ ಕೊಟ್ಟಿಲ್ಲ. ಪರವಾನಗಿ ಕೊಟ್ಟವರನ್ನು ಕೇಳದೆ ಆಯುಧಕ್ಕೆ ಯಾವುದನ್ನೂ ಜೋಡಿಸದಿರುವುದೇ ಕ್ಷೇಮ.

ರೈತನ ನಷ್ಟ ಸಣ್ಣದಲ್ಲ. ಒಂದು ರಾತ್ರಿ ಹಂದಿಯ ಹಿಂಡು ನುಗ್ಗಿದರೆ ನಾಲ್ಕು ತಿಂಗಳ ಬೆವರು ಮಣ್ಣುಪಾಲು. ಅದಕ್ಕೆ ಅರಣ್ಯ ಇಲಾಖೆಯಿಂದ ಪರಿಹಾರ ಕೇಳಬಹುದು. ಅದು ಕಡಿಮೆಯೆನಿಸಿದರೆ ಹೆಚ್ಚಿಸಿರೆಂದು ಹೋರಾಡಬಹುದು. ತಪ್ಪಿದ ಗುಂಡಿಗೆ ಮಾತ್ರ ಪರಿಹಾರದ ಅರ್ಜಿಯಿಲ್ಲ. ಆದುದರಿಂದ ಇರುಳುಗುರಿಯನ್ನು ಆರಿಸುವವನು ಮೊದಲು ಆರಿಸಬೇಕಾದದ್ದು ಒಳ್ಳೆಯದೊಂದು ಬ್ಯಾಟರಿಯನ್ನು. ಅದಕ್ಕೂ ಮೊದಲು, ಗುರುತು ಸಿಗುವ ತನಕ ಕುದುರೆಗೆ ಬೆರಳು ತಾಕಿಸೆನೆಂಬ ನಿಯಮವನ್ನು. ಬೆಳಕಿನಲ್ಲಿ ಬೆದರಿ ಓಡಿದ ಹಂದಿ ನಾಳೆ ಮತ್ತೆ ಬಂದೀತು. ನೀರು ತಿರುವಲು ಬಂದ ನೆರೆಯವನು ಬೆಳಗಿಗೆ ಮನೆ ಸೇರಲೇಬೇಕು.