ಬಹುಪಥ ಧ್ವನಿಮುದ್ರಣದಲ್ಲಿ ಕಾಲಸಾಮ್ಯದ ಪ್ರಶ್ನೆ

ಒಂದು ಮೇಳದ ಪ್ರತಿಯೊಂದು ಕಂಠವನ್ನೂ ವಾದ್ಯವನ್ನೂ ಬೇರೆ ಬೇರೆ ಪಥಗಳಲ್ಲಿ ಮುದ್ರಿಸಿ, ಅನಂತರ ಒಂದುಗೂಡಿಸುವ ಕ್ರಮವನ್ನು ಬಹುಪಥ ಧ್ವನಿಮುದ್ರಣವೆನ್ನಬಹುದು. ಹಿಂದೆ ದೊಡ್ಡ ಸ್ಟುಡಿಯೋಗಳಿಗೆ ಮೀಸಲಾಗಿದ್ದ ಈ ಕ್ರಮವು ಇಂದು ಕಂಪ್ಯೂಟರ್ ಮತ್ತು ಆಡಿಯೋ ಇಂಟರ್‌ಫೇಸ್ ಉಳ್ಳ ಮನೆಗಳಲ್ಲಿಯೂ ಸಾಧ್ಯವಾಗಿದೆ. ಇಂಟರ್‌ಫೇಸ್ ಎಂಬುದು ಮೈಕಿನಿಂದ ಬಂದ ವಿದ್ಯುತ್ ಸಂಕೇತವನ್ನು ಅಂಕಿಗಳಾಗಿ ಪರಿವರ್ತಿಸಿ ಕಂಪ್ಯೂಟರಿಗೆ ಒಪ್ಪಿಸುವ ಪೆಟ್ಟಿಗೆ. ಸಣ್ಣ ಪೆಟ್ಟಿಗೆಗಳಿಗೆ ಸಾಮಾನ್ಯವಾಗಿ ಎರಡೇ ಮೈಕುಗಳನ್ನು ಜೋಡಿಸಬಹುದು. ನಾಲ್ಕು ಮೈಕುಗಳು ಬೇಕಾದಾಗ ಇಂತಹ ಇನ್ನೊಂದು ಪೆಟ್ಟಿಗೆಯನ್ನು ತಂದಿರಿಸಿದರೆ ಸಾಲದೆ ಎಂಬ ಪ್ರಶ್ನೆ ಸಹಜವಾದುದು. ಅಷ್ಟೇ ಸಾಲದು, ಏಕೆಂಬುದನ್ನು ಈ ಕಲೆಯ ಇತಿಹಾಸವೇ ತಿಳಿಸುತ್ತದೆ.

1967ರಲ್ಲಿ ಲಂಡನ್ನಿನ ಅಬೆ ರಸ್ತೆಯಲ್ಲಿದ್ದ ಇ.ಎಂ.ಐ. ಸ್ಟುಡಿಯೋದ ಯಂತ್ರಗಳಲ್ಲಿ ನಾಲ್ಕೇ ಪಥಗಳಿದ್ದುವು. ಬೀಟಲ್ಸ್ ತಂಡದ 'ಎ ಡೇ ಇನ್ ದ ಲೈಫ್' ಗೀತೆಗೆ ನಲವತ್ತು ವಾದಕರ ವೃಂದವನ್ನು ಸೇರಿಸಬೇಕಾದಾಗ ಆ ಪಥಗಳು ಸಾಲದೆ ಹೋದುವು. ಆಗ ಎಂಜಿನಿಯರ್ ಕೆನ್ ಟೌನ್ಸೆಂಡ್ ಅವರು ಮೊದಲನೆಯ ಯಂತ್ರದ ಒಂದು ಪಥದಲ್ಲಿ ಸೆಕೆಂಡಿಗೆ 50 ಆವರ್ತಗಳ ಸ್ವರವನ್ನು ಮುದ್ರಿಸಿ, ಅದರಿಂದಲೇ ಎರಡನೆಯ ಯಂತ್ರದ ಮೋಟಾರನ್ನು ನಡೆಸಿದರು. ಹೀಗೆ ಎರಡರ ಗತಿಯೂ ಒಂದಾಯಿತು. ಆದರೆ ಎರಡನ್ನೂ ಒಂದೇ ಕ್ಷಣದಲ್ಲಿ ಆರಂಭಿಸುವ ಕೆಲಸ ಮಾತ್ರ ಕೈಚಳಕಕ್ಕೇ ಉಳಿಯಿತು. ಆರಂಭದ ಸಾಮ್ಯವೂ ಗತಿಯ ಸಾಮ್ಯವೂ ಬೇರೆ ಬೇರೆ ಸಮಸ್ಯೆಗಳೆಂಬುದು ಇಲ್ಲಿ ಗಮನಾರ್ಹ.

ಇಂದಿನ ಪೆಟ್ಟಿಗೆಗಳಲ್ಲಿ ಮೋಟಾರಿಲ್ಲ. ಅದರ ಸ್ಥಾನದಲ್ಲಿ ಕ್ವಾರ್ಟ್ಸ್ ಸ್ಫಟಿಕದ ಗಡಿಯಾರವಿದೆ. ಸೆಕೆಂಡಿಗೆ 48,000 ಸಲ ಧ್ವನಿಯನ್ನು ಅಳೆಯಬೇಕೆಂದು ಎರಡು ಪೆಟ್ಟಿಗೆಗಳಿಗೆ ವಿಧಿಸಿದರೂ ಅವುಗಳ ಸ್ಫಟಿಕಗಳು ಪೂರ್ಣವಾಗಿ ಸಮನಾಗಿರುವುದಿಲ್ಲ. ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸವಿದೆಯೆಂದು ಭಾವಿಸೋಣ. ನಾಲ್ಕು ನಿಮಿಷದ ಗೀತೆಯ ಕೊನೆಗೆ ಇದು 5 ಮಿಲಿಸೆಕೆಂಡಿಗೂ ಕಡಮೆ. ಒಂದು ಗಂಟೆಗೆ 72 ಮಿಲಿಸೆಕೆಂಡು. ಆರು ಗಂಟೆಗೆ ಸುಮಾರು 0.43 ಸೆಕೆಂಡು. ಒಂದೇ ಧ್ವನಿ ಎರಡು ಪೆಟ್ಟಿಗೆಗಳ ಮೈಕುಗಳಿಗೂ ತಲಪುವಲ್ಲಿ ಅತ್ಯಲ್ಪ ಅಂತರವೂ ನಾದವನ್ನು ಟೊಳ್ಳಾಗಿಸುತ್ತದೆ; ಹೆಚ್ಚಿನ ಅಂತರವು ತಾಳವನ್ನೇ ಕೆಡಿಸುತ್ತದೆ.

ಇದಕ್ಕೆ ಪರಿಹಾರಗಳು ಮೂರು. ಒಂದು ಪೆಟ್ಟಿಗೆಯ ಗಡಿಯಾರವನ್ನು ವರ್ಡ್ ಕ್ಲಾಕ್ ಕೇಬಲಿನ ಮೂಲಕ ಇನ್ನೊಂದಕ್ಕೆ ಒದಗಿಸುವುದು ಮೊದಲನೆಯದು. ಅಡಾಟ್ ಬೆಳಕಿನ ತಂತುವಿನ ಮೂಲಕ ಎಂಟು ಪಥಗಳ ಉಪಪೆಟ್ಟಿಗೆಯನ್ನು ಮುಖ್ಯ ಇಂಟರ್‌ಫೇಸಿಗೇ ಜೋಡಿಸುವುದು ಎರಡನೆಯದು. ಇಲ್ಲಿ ಕಂಪ್ಯೂಟರ್ ಒಂದೇ ಯಂತ್ರವನ್ನು ಕಾಣುವುದರಿಂದ ತೊಡಕು ಕಡಮೆ. ಆದರೆ ಉಪಪೆಟ್ಟಿಗೆಯೂ ಮುಖ್ಯ ಪೆಟ್ಟಿಗೆಯೂ ಒಂದೇ ಗಡಿಯಾರವನ್ನು ಅನುಸರಿಸುವಂತೆ ನೋಡಿಕೊಳ್ಳಬೇಕು. ಈ ದ್ವಾರಗಳಿಲ್ಲದ ಪೆಟ್ಟಿಗೆಗಳಿಗೆ ಮೂರನೆಯ ಮಾರ್ಗವುಂಟು. ಆಪಲ್ ಕಂಪ್ಯೂಟರುಗಳಲ್ಲಿ ಹಲವು ಪೆಟ್ಟಿಗೆಗಳನ್ನು 'ಅಗ್ರಿಗೇಟ್ ಡಿವೈಸ್' ಎಂಬ ಒಂದೇ ಸಾಧನವಾಗಿ ಕೂಡಿಸಿ, ಒಂದರ ಗಡಿಯಾರವನ್ನು ಪ್ರಮಾಣವಾಗಿ ಆರಿಸಿ, ಉಳಿದವುಗಳಿಗೆ 'ಡ್ರಿಫ್ಟ್ ಕರೆಕ್ಷನ್' ವಿಧಿಸಬಹುದು. ಇವೊಂದೂ ದೊರೆಯದಿದ್ದಾಗ ಮುದ್ರಣದ ಆದಿಯಲ್ಲಿಯೂ ಅಂತ್ಯದಲ್ಲಿಯೂ ಎಲ್ಲ ಮೈಕುಗಳಿಗೆ ಕೇಳುವಂತೆ ಒಮ್ಮೆ ಚಪ್ಪಾಳೆ ತಟ್ಟಬೇಕು. ಮೊದಲನೆಯದು ಆರಂಭವನ್ನು ಸರಿಹೊಂದಿಸಲು, ಎರಡನೆಯದು ಗತಿಯ ಅಂತರವನ್ನು ಅಳೆದು ತಿದ್ದಲು ನೆರವಾಗುತ್ತದೆ.

ಇತಿಹಾಸದ ವಿದ್ಯಾರ್ಥಿಗೆ ಇದರಿಂದೇನು ಎಂದು ಕೇಳಬಹುದು. ನೀಲಗಾರರು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಕಾವ್ಯದಂತಹ ಮೌಖಿಕ ಪರಂಪರೆಯು ನಮಗೆ ಆಕರ. ಮುಖ್ಯ ಗಾಯಕನ ಕಂಠವನ್ನು ಒಂದು ಪೆಟ್ಟಿಗೆಯಲ್ಲಿಯೂ ಹಿಮ್ಮೇಳವನ್ನು ಇನ್ನೊಂದರಲ್ಲಿಯೂ ಹಿಡಿದು ಗಡಿಯಾರವನ್ನು ಮರೆತರೆ, ಬೆಳಗಿನ ಹೊತ್ತಿಗೆ ಹಿಮ್ಮೇಳವು ತಪ್ಪಿ ಹಾಡಿದಂತೆ ಮುಂದಿನವರಿಗೆ ಕೇಳಿಸುವುದು. ಅದು ಮೇಳದ ದೋಷವಲ್ಲ, ಯಂತ್ರದ ದೋಷವೆಂದು ಸಾಕ್ಷ್ಯ ಹೇಳಲು ಆ ವೇಳೆಗೆ ಗಾಯಕರು ಇರಲಾರರು. ಶಾಸನದ ಪಡಿಯಚ್ಚನ್ನು ತೆಗೆಯುವಾಗ ಕಾಗದವು ಸರಿಯದಂತೆ ನೋಡಿಕೊಳ್ಳುವ ನಾವು, ಧ್ವನಿಯನ್ನು ಮುದ್ರಿಸುವಾಗ ಕಾಲವು ಸರಿಯದಂತೆ ನೋಡಿಕೊಳ್ಳುವುದೂ ಆವಶ್ಯಕ.